ಲೇಸು

ಹನ್ನೊಂದು ದಿನ ನಮ್ಮನೆಯಲ್ಲೇ ಉಂಡ.
ಹೆಸರು ಕೇಳಲಿಲ್ಲ ಯಾರೂ.
ಮಕ್ಕಳು ‘ಬಣ್ಣದವನು’ ಎಂದವು, ಸಾಕಾಯಿತು.

ಬಾಗಿಲಲ್ಲೇ ಚೌಕಾಸಿ ನನ್ನ ಗಂಡನದು:
ಮುಖಕ್ಕೆ ನೆರಳು ಬೇಕೆಂದರೆ ಎಂಟು ಡಾಲರು,
ಬೇಡವೆಂದರೆ ಮೂರು, ಮೇಲೊಂದು ಪೀಪಾಯಿ ಸೇಬಿನ ಮದ್ಯ.
“ನೆರಳು ತಗೊಂಡು ಏನು ಮಾಡ್ತೀಯೆ, ಜರ್ವಾಯಾ?”
ಅಂದ ಅಸಾಹೆಲ್.
ಹಾಗಾಗಿ ನನಗೆ ನೆರಳಿಲ್ಲ.

ವರ್ಮಾಂಟಿನ ಮಾರ್ಚ್ ಬೆಳಕು,
ಹಾಲಿಗೆ ನೀರು ಬೆರೆಸಿದ ಹಾಗೆ.
ಕೂತೇ ಇದ್ದೆ, ಒಲೆಯಲ್ಲಿ ರೊಟ್ಟಿ ಸೀದರೂ ಏಳದೆ.
ಕೈ ಬರೆಯಲು ಬಾರದು ಅವನಿಗೆ:
ಒಂದನ್ನು ಬೈಬಲ್ಲಿನೊಳಗೆ ಹುಗಿದ,
ಇನ್ನೊಂದರ ಬೆರಳೆಲ್ಲ ಗಜ್ಜರಿ.
ಕಣ್ಣು ಮಾತ್ರ ನನ್ನವೇ. ಅಷ್ಟು ದಣಿದಿದ್ದೇನೆಂದು
ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೊನೆಯ ದಿನ, ಕೇಳದೆಯೇ,
ಕೊರಳ ಸುತ್ತ ಲೇಸು ಹಾಕಿಬಿಟ್ಟ,
ಬಿಳಿ ಚುಕ್ಕಿ, ಚುಕ್ಕಿ, ಚುಕ್ಕಿ.
ನನ್ನ ಹತ್ತಿರ ಅಂಥದ್ದು ಇರಲೇ ಇಲ್ಲ.
ಇದಕ್ಕೆಷ್ಟು ಅಂದರೆ ತಲೆಯಾಡಿಸಿದ,
ಕುಂಚ ಒರೆಸಿಕೊಂಡು ಕೆಸರಿನ ದಾರಿ ಹಿಡಿದ.

ಬಂದವರೆಲ್ಲ ಕೇಳುತ್ತಾರೆ: ಎಲ್ಲಿ ಆ ಲೇಸು?
ಪೆಟ್ಟಿಗೆಯಲ್ಲಿದೆ ಎನ್ನುತ್ತಿದ್ದೆ. ಸುಳ್ಳು.

ಎರಡು ಚಳಿಗಾಲ, ಗೋಡೆಗೆ ದೀಪ ಎತ್ತಿ ಹಿಡಿದು
ಅವನ ಚುಕ್ಕಿ ಎಣಿಸಿ ಎಣಿಸಿ ಹೆಣೆದೆ.
ಎಡಕ್ಕೆ ಹದಿನೇಳು, ಬಲಕ್ಕೆ ಹದಿನಾಲ್ಕು,
ಅವಸರದಲ್ಲಿದ್ದ, ಪಾಪ. ನಾನು ತಿದ್ದಲಿಲ್ಲ.

ಹಲಗೆಯ ಹಿಂದೆ ನನ್ನ ಹೆಸರಿದೆ,
ವಯಸ್ಸು ಮೂವತ್ನಾಲ್ಕು. ಅವನದಿಲ್ಲ.

ಕಟ್ಟಿಕೊಂಡರೆ ಒಂದು ಕಡೆಗೆ ಎಳೆಯುತ್ತದೆ.
ಭಾನುವಾರ ಪ್ರಾರ್ಥನೆಗೆ ಹೊರಟಾಗ
ಕನ್ನಡಿಯಲ್ಲಿ ಕಂಡೆ:
ಕೊರಳ ಮೇಲೆ ಅದರ ನೆರಳು,
ಪುಕ್ಕಟೆ.