ಒಂದು ನೂಲು ಹೆಚ್ಚು

ಮೂವತ್ತಾರು ವರ್ಷ
ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ
ನಾನು ಮುಟ್ಟಿದ್ದು ಬರೀ ಮರ.
ಹಲ್ಲಿನ ಚಕ್ರ, ಪೈಪಿನ ಮೊಣಕೈ, ರೈಲಿನ ಬ್ರೇಕ್ ಬ್ಲಾಕು,
ಎಲ್ಲಕ್ಕೂ ಮೊದಲು ಮರದಲ್ಲೊಂದು ಅಚ್ಚು.
ಮರಳಲ್ಲಿ ಒತ್ತಿ, ಗುರುತು ಮೂಡಿಸಿ,
ಮೆಲ್ಲಗೆ ತಟ್ಟಿ ಎತ್ತಿಬಿಡುತ್ತಿದ್ದರು.
ಆ ಗುಂಡಿಗೆ ಕೆಂಪು ಕಬ್ಬಿಣ ಇಳಿಯುವಾಗ
ನನ್ನ ಅಚ್ಚು ಶೆಡ್ಡಿನ ಗೋಡೆಗೊರಗಿ
ಪಂಕ್ತಿಯಿಂದ ಎಬ್ಬಿಸಿದ ನೆಂಟನ ಹಾಗೆ ನಿಂತಿರುತ್ತಿತ್ತು.

ಕಬ್ಬಿಣ ಆರುತ್ತ ಆರುತ್ತ ಕುಗ್ಗುತ್ತದೆ.
ಅದಕ್ಕೇ ನಮ್ಮ ಸ್ಕೇಲೇ ಬೇರೆ:
ಒಂದಡಿಗೆ ಒಂದು ನೂಲು ಹೆಚ್ಚು.
ಸುಳ್ಳು ಸ್ಕೇಲು, ಅನ್ನುತ್ತಿದ್ದರು ಹೊಸ ಹುಡುಗರು.
ಸುಳ್ಳಲ್ಲವೋ, ಮುಂದಾಲೋಚನೆ,
ಅನ್ನುತ್ತಿದ್ದರು ಮೇಸ್ತ್ರಿ ದೇವೇಂದ್ರಾಚಾರ್,
ಕಿವಿಗೆ ಬೀಡಿ ಸಿಕ್ಕಿಸಿಕೊಂಡು.

ನಿವೃತ್ತಿಯಾದ ಮೇಲೆ ಹಡಗು.
ಯಾಕೆ ಹಡಗು ಎಂದು ಕೇಳಬೇಡಿ.
ಸಮುದ್ರ ನೋಡಿದ್ದು ಒಮ್ಮೆ, ಹೊನ್ನಾವರದಲ್ಲಿ,
ಭಾವಮೈದುನನಿಗೆ ಹೆಣ್ಣು ನೋಡಲು ಹೋದಾಗ,
ಅದೂ ಬಸ್ಸಿನ ಕಿಟಕಿಯಿಂದ.
ಹಲಸಿನ ತಳ, ಹೊನ್ನೆಯ ಪಕ್ಕೆಲುಬು, ತೇಗದ ಹಾಸು,
ಮೂರು ಕೂವೆಮರ.
ಕೈ ತನ್ನಷ್ಟಕ್ಕೆ ಹಳೆಯ ಸ್ಕೇಲನ್ನೇ ಎತ್ತಿಕೊಂಡಿತ್ತು.
ಮುಗಿದಾಗ ಹಡಗು ನಕ್ಷೆಗಿಂತ ಉದ್ದ,
ಸರಿಯಾಗಿ ಅಡಿಗೊಂದು ನೂಲು.
ತಿಂಗಳು ಕಾದೆ. ಕುಗ್ಗಲಿಲ್ಲ.
ಇದನ್ನು ಯಾರೂ ಮರಳಲ್ಲಿ ಒತ್ತುವುದಿಲ್ಲ ಎಂದು
ಕೈಗೆ ಹೇಳಲು ಮರೆತಿದ್ದೆ.

ಆಮೇಲೆ ಹಗ್ಗ.
ನಿಂತ ಹಗ್ಗ ಕಪ್ಪು, ಹರಿವ ಹಗ್ಗ ಕಂದು,
ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ, ಒಣಗಿಸಿ, ಜೇನುಮೇಣ ತಿಕ್ಕಿ.
ಬಟಾಣಿಯಷ್ಟು ಬಿಲ್ಲೆಗಳು, ಒಂದೊಂದಕ್ಕೂ
ತೆಂಗಿನಕಾಯಿಗಿರುವಂತೆ ಮೂರು ಕಣ್ಣು.
ಅಷ್ಟನ್ನು ಹೇಗೋ ಪೋಣಿಸಿದೆ,
ಎಡಕ್ಕೊಂದು ಎಳೆದರೆ ಬಲಕ್ಕೊಂದು,
ಇಲ್ಲದಿದ್ದರೆ ಕೂವೆ ಕುಡಿದವನ ಹಾಗೆ ವಾಲುತ್ತದೆ.
ಸೋತದ್ದು ಏಣಿಯಲ್ಲಿ.
ನಾವಿಕರು ಹತ್ತುವ ಹಗ್ಗದ ಏಣಿ:
ಒಂದೊಂದು ಮೆಟ್ಟಿಲಿಗೆ ಆರು ಗಂಟು,
ಪಕ್ಕಕ್ಕೆ ಇಪ್ಪತ್ತೆಂಟು ಮೆಟ್ಟಿಲು.
ನನ್ನ ಬೆರಳಿಗೆ ಎರಡು ವರ್ಷದಿಂದ ನಡುಕ.
ಕನ್ನಡಕ, ಚಿಮುಟ, ಬೈಗುಳ, ಯಾವುದೂ ನಡೆಯಲಿಲ್ಲ.

ಹಳೇನಗರದ ಸೇತುವೆ ಪಕ್ಕ ಹೂ ಕಟ್ಟುವ ಅಂಜಲೈ
ಸಂಜೆ ಹೂ ಕೊಡಲು ಬಂದವಳು ಬಾಗಿಲಲ್ಲೇ ನಿಂತಳು.
"ಏನಾಚಾರ್ರೇ, ಇದು ನಮ್ ಗಂಟಲ್ವಾ?"
ಪುಸ್ತಕದ ಏಳನೇ ಚಿತ್ರ ತೋರಿಸಹೋದೆ. ಬೇಡ ಅಂದಳು.
ಬಾಳೆನಾರಾದರೆ ಹಿಡಿಯುತ್ತಿತ್ತು, ದಾರ ಜಾರುತ್ತೆ ಎಂದು ಗೊಣಗಿ
ನೆಲಕ್ಕೆ ಕೂತು
ಹಡಗನ್ನು ಮಡಿಲಿಗೆಳೆದುಕೊಂಡಳು.

ಮೊದಲ ಸಾಲು ಪೂರಾ ಸಡಿಲ.
ಅಭ್ಯಾಸಬಲ: ಪ್ರತಿ ಗಂಟಿನಲ್ಲೂ
ಎರಡು ಮೊಗ್ಗಿಗೆ ಜಾಗ ಬಿಟ್ಟಿದ್ದಳು.
"ಹೂವೇ ಇಲ್ವಲ್ಲ," ಅಂದಳು, ನಾಚಿ.
ನಿಂತ ಹಗ್ಗವೇ ತೊಟ್ಟು ಅಂದುಕೋ, ಅಂದೆ.
ಅಷ್ಟೇ.
ಆಮೇಲೆ ಬೆರಳು ಕಾಣಲಿಲ್ಲ,
ಗಂಟು ಮಾತ್ರ ಕಾಣುತ್ತಿತ್ತು.

ನಾಲ್ಕು ಸಂಜೆ. ಮಾತು ಎಲ್ಲೆಲ್ಲೋ:
ಶಿವಮೊಗ್ಗದಲ್ಲಿ ಕಾಕಡದ ರೇಟು,
ಗಂಡ ಎರಕದ ಶೆಡ್ಡಿನಲ್ಲಿದ್ದದ್ದು,
ಒಮ್ಮೆ ಅಚ್ಚು ಒಡೆದು ಕಬ್ಬಿಣ ಚಿಮ್ಮಿ
ಸಾಯುವ ತನಕ ಅವನ ಪಾದದ ಮೇಲೆ
ಉಳಿದೇಹೋದ ಬಿಳಿ ಕಲೆ.
ಯಾವ ಎರಕ, ಯಾವ ವರ್ಷ ಎಂದು
ನಾನು ಕೇಳಲಿಲ್ಲ.
ದಾರಕ್ಕೆ ಮೇಣ ತಿಕ್ಕುತ್ತ ಕೂತಿದ್ದೆ,
ತಿಕ್ಕಿದ್ದಕ್ಕೇ ಇನ್ನೊಮ್ಮೆ.

ಮುಗಿಸಿ ಲೆಕ್ಕ ಹೇಳಿದಳು: ಇಪ್ಪತ್ತೊಂದು ಮೊಳ.
ಮಿಕ್ಕ ದಾರವನ್ನು ಮೊಣಕೈಗೆ ಸುತ್ತಿ ತೋರಿಸಿದಳು.
ಅವಳ ಮೊಳ ಎರಡು ಬೆರಳು ಕಮ್ಮಿಯೆಂದು
ಹಳೇನಗರಕ್ಕೆಲ್ಲ ಗೊತ್ತು.
ನನ್ನ ಅಡಿ ಒಂದು ನೂಲು ಜಾಸ್ತಿ.
ಚೌಕಾಸಿ ಮಾಡಲಿಲ್ಲ.

ಹಡಗೀಗ ಟಿವಿಯ ಮೇಲಿನ ಹಲಗೆಯಲ್ಲಿದೆ.
ಹಾಯಿ ಇನ್ನೂ ಹೊಲಿದಿಲ್ಲ.
ಎಡಗಡೆ, ಮೂರನೇ ಮೆಟ್ಟಿಲಲ್ಲಿ,
ಒಂದು ಗಂಟು ಸಡಿಲ ಉಳಿದಿದೆ,
ಒಂದೇ ಒಂದು ಮೊಗ್ಗು ಹಿಡಿಯುವಷ್ಟು.
ಬಿಗಿಯೋಣವೆಂದು ಚಿಮುಟ ಎತ್ತಿ, ಹಾಗೇ ಇಟ್ಟೆ.
ಅದಕ್ಕೂ ದುಡ್ಡು ಕೊಟ್ಟಾಗಿದೆ.