ಸಪ್ಪಳದ ಮರೆ

ಆಗಸ್ಟಿನಾಗ ಘಟಪ್ರಭೆ ಬರೇ ಕೆಂಪು ರಾಡಿ.
ಗೋಕಾಕ ಫಾಲ್ಸಿನ ತೂಗುಸೇತುವೆ ಮ್ಯಾಲೆ ನಿಂತರ
ನಾವು ಒದರಿದ್ದು ನಮಗೇ ಕೇಳಂಗಿಲ್ಲ.
ಅಪ್ಪಗ ಅದೇ ಆರಾಮು:
ಇಲ್ಲಿ ಎಲ್ಲಾರೂ ಅವನಷ್ಟೇ ಕಿವುಡರು.

ಗಿರಣಿಯ ನೂಲಿನ ಖಾತೆಯೊಳಗ
ಮೂವತ್ತೊಂದು ವರ್ಷ, ಮೂರೂ ಪಾಳಿ,
ಲಗಮಣ್ಣ ಹುದಲಿ.
ಕದಿರಿನ ಸಪ್ಪಳ ಮೊದಲು ಗುಬ್ಬಿ ತಿಂತು,
ಆಮ್ಯಾಲೆ ಅವ್ವನ ಬಳಿ,
ಕಡೀಕ ಭೋಂಗಾ ಸೈತ.
ಉಳದದ್ದು ತುಟಿ, ಬೆರಳು.
ನಮ್ಮ ಮನ್ಯಾಗ ಊಟಕ್ಕ ಕರಿಯೂದು ಕೈಲೆ,
ಬೈಯೂದೂ ಕೈಲೆ,
ಮಾತು ಸಾಕಾದರ ಕೈ ಕಿಸೆದಾಗ.

ನಾ ವಿಮಾನ ಹಾರಸಾಂವ.
ಹಡಗಿನ ಬೆನ್ನಿಂದ ಜಿಗದು
ಹಡಗಿನ ಬೆನ್ನಿಗೇ ಕೊಕ್ಕಿ ಹಾಕಿ ನಿಲ್ಲಾಂವ.
ಹನ್ನೆರಡು ವರ್ಷ ಒಂದೇ ಯಂತ್ರ:
ಅದರ ಕೆಮ್ಮು ಗೊತ್ತು, ಸೆಡವು ಗೊತ್ತು,
ಕತ್ತಲದಾಗ ಅದರ ಮೈ ಗೊತ್ತು.
ಈಗ ಹೊಸಾದು ಬಂದೈತಿ.
ಸೋಮವಾರದಿಂದ ನಾನು, ಹಿಂದಿನ ಸೀಟಿನ ಪರಂಬಿಲ್,
ಒಂದನೇತ್ತೆ ಹುಡುಗರಂಗ ಪಾಟಿ ಹಿಡದು ಕೂಡ್ತೀವಿ.
ಕಲಿಯಾಕ ಮಾಡಿದ ಸುಳ್ಳು ಕಾಕ್‌ಪಿಟ್ಟಿನಾಗ
ಹ್ವಾದ ತಿಂಗಳು ಒಮ್ಮೆ ಕೂತಿದ್ದೆ;
ಎಡಗೈ ತಾನಾಗೇ ಹೋಗಿ
ಅಲ್ಲಿ ಇಲ್ಲದ ಗುಂಡಿ ಒತ್ತಿತು.

"ಏನು ಒಗೀತೈತಿ ಅದು?"
ಅಪ್ಪನ ಬೆರಳು ಮ್ಯಾಲಿಂದ ಕೆಳಗ ಬಿದ್ದು ಕೇಳಿದವು.
ಏನೂ ಒಗಿಯಂಗಿಲ್ಲ.
"ಹಂಗಾರ?"
ಸಪ್ಪಳ ಮಾಡತೈತಿ.

ರಾಡಾರಿಗೆ ನಮ್ಮ ಮನಿ ಭಾಷಾದಾಗ ಸನ್ನಿ ಇಲ್ಲ.
ಅಂಗೈಯನ್ನ ಕಣ್ಣು ಮಾಡಿ ಗರಗರ ತಿರಿಗಿಸಿದೆ.
ಬಾವಲಿ ಅಂತ ತಿಳಕೊಂಡ.
ಇರಲಿ, ಅದೂ ಖರೇನ.
ಆ ಬಾವಲಿ ನಮ್ಮ ಗೆಳ್ಯಾರನ್ನ ಹುಡಕಾಕ ಹೊಂಟಾಗ
ಅದರ ಮಾರಿಗೆ ಈ ಧಬಧಬಿಯಂಥಾದ್ದು ಸುರವತೀವಿ,
ಅದಕ್ಕ ಬರೇ ನೊರಿ ಕಾಣತೈತಿ,
ನೊರಿ ಮರೆಯೊಳಗ ನಮ್ಮವರು ದಾಟತಾರ.

ಅಪ್ಪ ನಕ್ಕ, ಉಳದ ನಾಕು ಹಲ್ಲು ಕಾಣೂವಂಗ.
"ಇದಕ್ಕ ನಿಮಗ ಇಷ್ಟು ಪಗಾರೇನು?"

ಆಮ್ಯಾಲೆ ಹೇಳಿದ, ಕೈಲೆ, ನಿಧಾನ:
ತಂಗೆವ್ವನ ಎರಡು ಬೆರಳು ಸಾಂಚಾದಾಗ ಹ್ವಾದ ವರ್ಷ.
ಜಾಬರ್ ಬೆನ್ನ ಹಿಂದೇ ನಿಂತಿದ್ದ, ಕೈಯಾಗ ಚೀಟಿ ಹಿಡದು.
ಅವನ ಮೂಗಿನ ಕೆಳಗ
ತುಟಿಯಿಂದ ತುಟಿಗೆ, ಸಾಲಿನಿಂದ ಸಾಲಿಗೆ
ಇಡೀ ಖಾತೆ ಒಂದು ಮಾತಿಗೆ ಬಂತು.
ಅವಗ ಕೇಳಿದ್ದು ಕದಿರು ಅಷ್ಟ.
ಮೂರಕ್ಕ ಎಲ್ಲಾ ಸಾಂಚಾ ಒಮ್ಮೆಲೆ ನಿಂತವು.
"ಆ ಸುಮ್ಮನಿರೂದು ಕೇಳಿ ಬೆವತ ಮಗ,
ಅಂಗಿ ಹಿಂಡೂವಂಗ."

ಹೊಸಾ ಸಾಂಚಾ ಬಂದಾಗ ನಿನಗೆಷ್ಟು ದಿನ ಬೇಕಾತು?
"ತಲಿಗೆ ಎಂಟು ದಿನ. ಕೈಗೆ ಒಂದು ವರ್ಷ.
ಕೈ ಹಳೇ ಮನಿಗೇ ಹೋಗತಿತ್ತು,
ಕುಡದಾಂವ ಹ್ವಾದಂಗ."

ನೀರು ಬೀಳತಿತ್ತು. ಸೇತುವೆ ನಡಗತಿತ್ತು.
ಅಪ್ಪ ನನ್ನ ಭುಜ ತಟ್ಟಿ ಮತ್ತ ಕೇಳಿದ:
"ಎಲ್ಲಾರನ್ನೂ ಮುಚ್ಚಾಂವ ನೀ. ಖರೆ.
ಸಪ್ಪಳ ಮಾಡಾಂವ ತಾ ಎಲ್ಲಿ ಅಡಗತಾನ?"

ನಾ ಕೈ ಕಿಸೆದಾಗ ಇಟ್ಟೆ.

ಕೊಣ್ಣೂರ ಕ್ರಾಸಿನಾಗ ಬೆಳಗಾವಿ ಬಸ್ಸು.
ಕಿಡಕಿ ಗಾಜು ಜಾಮಾಗಿ ಸರಿಯವಲ್ಲದು.
ತೊಡಿ ಮ್ಯಾಲೆ ಕರದಂಟಿನ ಪುಡಿಕೆ,
ಪರಂಬಿಲ್‌ಗೊಂದು, ನನಗೊಂದು.
ಗಾಜಿನಾಚೆ ಅಪ್ಪನ ತುಟಿ ಒಮ್ಮೆ ಮುಚ್ಚಿ ತೆರೀತು.
ಬ, ಮ, ತುಟಿಗೆ ಎರಡೂ ಒಂದೇ,
ಗಿರಣಿ ಮಕ್ಕಳಿಗೆ ಇದು ಗೊತ್ತು.
ಬರಿ ಅಂದನೋ,
ಮರಿ ಅಂದನೋ.
ಬಸ್ಸು ಹೊಂಟಿತ್ತು, ತಿರುಗಿ ಕೇಳಾಕ ಯಾಳ್ಯಾ ಇರಲಿಲ್ಲ.
ಎರಡಕ್ಕೂ ಹೊಂದೂವಂಗ
ಡೆಕ್ಕಿನ ಮ್ಯಾಲೆ ಎತ್ತೂವಂಗ
ಹೆಬ್ಬೆರಳು ಎತ್ತಿದೆ.