ಉಂಟು, ಇಲ್ಲ, ಕಾಣೆ

ಟೂತ್‌ಪಿಕ್ಕಿನ ತುದಿಗೆ ಉಗುರುಬಣ್ಣದಲ್ಲಿ ಅಂಟಿಸಿದ
ನನ್ನದೇ ಎವೆಯ ಒಂದು ಕೂದಲು,
ಇದು ನನ್ನ ಹತಾರ.
ತಂತಿ ಗೀರುತ್ತದೆ, ಎವೆಯಾದರೆ
ಮುಟ್ಟಿದ್ದು ಹುಳಕ್ಕೆ ಗೊತ್ತಾಗುತ್ತದೆ, ನೋವಾಗುವುದಿಲ್ಲ
ಎಂದಿದ್ದರು ಮೇಡಂ, ಮೊದಲ ದಿನ.
ಕಿತ್ತಾಗ ಬಂದ ನೀರು ಸಂಬಳಕ್ಕೆ ಸೇರಿಲ್ಲ.

ಕೊಣಾಜೆ ಗುಡ್ಡದ ಮೇಲೆ, ಇಪ್ಪತ್ತು ಡಿಗ್ರಿಯ ಪೆಟ್ಟಿಗೆಯೊಳಗೆ,
ಅಗರ್ ತಟ್ಟೆಗಳಲ್ಲಿ ಹುಳಗಳು.
ಅಲ್ಪವಿರಾಮದಷ್ಟು ಉದ್ದ, ಅಷ್ಟೇ ಬಳುಕು.
ದಿನಾ ಬೆಳಿಗ್ಗೆ ಒಂದೊಂದನ್ನೂ ಮುಟ್ಟಿ ಕೇಳಬೇಕು.
ಅಲುಗಿದರೆ ಉಂಟು.
ಮೂರು ಸಲ ಮುಟ್ಟಿಯೂ ಅಲುಗದಿದ್ದರೆ
ಇಲ್ಲ.

ಎಡಗಡೆಯವಕ್ಕೆ ಮೂರು ವಾರ ಆಯುಸ್ಸು.
ಬಲಗಡೆಯವಕ್ಕೆ ಆರು.
ವ್ಯತ್ಯಾಸ ಒಂದು ಜೀನು, ಅದರಲ್ಲೂ ಒಂದೇ ಅಕ್ಷರ.
ಹೊಟ್ಟೆ ತುಂಬಿದೆ, ಬೆಳೆ, ಮೊಟ್ಟೆಯಿಡು, ಮುಗಿಸು
ಎಂದು ಮೈಯೊಳಗಿಂದ ಯಾರೋ ಕೂಗುವುದು
ಇವಕ್ಕೆ ಅರೆಕಿವುಡಾಗಿ ಕೇಳುತ್ತದೆ.
ಸುತ್ತ ಅಷ್ಟು ಊಟವಿದ್ದೂ ಬರಗಾಲವೆಂದೇ ನಂಬಿ
ಆಟಿಯಲ್ಲಿ ದೋಣಿ ಮೇಲಕ್ಕೆಳೆದು
ಹರಿದ ಬಲೆ ಹೊಲಿಯುತ್ತ ಕೂರುತ್ತಾರಲ್ಲ ನಮ್ಮವರು,
ಹಾಗೆ ಕೂತು ತಮ್ಮನ್ನೇ ಹೊಲಿದುಕೊಳ್ಳುತ್ತವೆ.

ಪುಸ್ತಕದಲ್ಲಿ ಮೂರನೇ ಕಾಲಂ ಒಂದುಂಟು.
ಕೆಲವು ಹುಳ ತಟ್ಟೆಯ ಗೋಡೆ ಹತ್ತಿ ಹೋಗಿಬಿಡುತ್ತವೆ.
ಒಣಗಿದ ಗುರುತೂ ಸಿಗುವುದಿಲ್ಲ.
ಅವನ್ನು ಸತ್ತವುಗಳ ಲೆಕ್ಕಕ್ಕೆ ಹಾಕಬಾರದು.
ಕೊನೆಯ ಸಲ ಕಂಡ ದಿನದವರೆಗೆ ಬದುಕಿತ್ತು,
ಅಷ್ಟೇ ಬರೆಯಬೇಕು.
ಮುಂದಿನದು ನಮಗೆ ಗೊತ್ತಿಲ್ಲ.

ಸಂಜೆ ಬಂದರಿನಿಂದ ಬೆಂಗ್ರೆಗೆ ಫೆರಿ.
ಸುಗಂಧಿ ಅತ್ತಿಗೆ ಸಿಗಡಿ ಸುಲಿದ ಕೈಗೆ
ಲಿಂಬೆ ಸಿಪ್ಪೆ ಉಜ್ಜುತ್ತ ಕಾದಿರುತ್ತಾಳೆ.
ಯಶೋಧರಣ್ಣ ದೋಣಿ ಸಮೇತ ಹೋಗಿ ಐದು ವರ್ಷ.
ಏಳು ತುಂಬಲಿ ಎನ್ನುತ್ತದೆ ತಾಲೂಕು ಕಚೇರಿ.
ಕರಿಮಣಿ ಇಟ್ಟುಕೊಳ್ಳಲಿಕ್ಕೂ ತೆಗೆಯಲಿಕ್ಕೂ
ಇನ್ನೊಬ್ಬರ ರುಜು ಬೇಕು.

ಒಮ್ಮೆ ಅವಳಿಗೆ ಹೇಳಿದೆ,
ಊಟ ಸಿಗದ ಮರಿಹುಳ ಬಾಯಿ ಮುಚ್ಚಿಕೊಂಡು
ತಿಂಗಳುಗಟ್ಟಲೆ ಸುಮ್ಮನೆ ಕಾಯುತ್ತದೆ,
ಕಾದ ದಿನಗಳು ವಯಸ್ಸಿಗೆ ಸೇರುವುದಿಲ್ಲ,
ಊಟ ಬಂದ ದಿನ ನಿಂತಲ್ಲಿಂದಲೇ ಶುರು ಎಂದು.
"ಹೌದಾ ಮಾರಾಯ್ತಿ! ಹಾಗಾದರೆ ನನಗೀಗ ಇಪ್ಪತ್ತೊಂಬತ್ತು"
ಎಂದು ನಕ್ಕಳು.
ಬಾಚಣಿಗೆಯಲ್ಲಿ ಸಿಕ್ಕಿದ್ದು ಬಿಳಿಯದು.
ಬೆರಳಿಗೆ ಸುತ್ತಿ ಕಿಟಕಿಯಾಚೆ ಎಸೆದಳು.

ದೇವತೆಗಳು ಎವೆಯಿಕ್ಕುವುದಿಲ್ಲ, ಅದಕ್ಕೇ ಅನಿಮಿಷರು,
ಸಾಯುವುದೂ ಇಲ್ಲ ಎಂದಿದ್ದರು ಹೈಸ್ಕೂಲಿನ ಕನ್ನಡ ಮಾಸ್ತರು.
ಮೀನಿಗೂ ಅದೇ ಹೆಸರು ಎಂದೂ ಹೇಳಿದ್ದರು.
ಧಕ್ಕೆಯಲ್ಲಿ ಐಸಿನ ಮೇಲೆ ರಾಶಿ ರಾಶಿ ಅನಿಮಿಷರು,
ಕಣ್ಣು ಬಿಟ್ಟುಕೊಂಡೇ,
ಕಿಲೋಗೆ ಇಂತಿಷ್ಟು.

ನಿನ್ನೆ ನನ್ನ ಎವೆ ಮುರಿಯಿತು.
ಊಟದ ಹೊತ್ತಿಗೆ ಸುಮ್ಮನೆ ಮಾತಿಗೆ ಹೇಳಿದೆ.
"ಕಾಣೆಯಾದದ್ದಕ್ಕೆ ನೀವು ಎಂತ ಮಾಡುವುದು?" ಕೇಳಿದಳು.
ಕಂಡ ದಿನದವರೆಗೆ ಉಂಟು, ಆಮೇಲಿನದು ಹೇಳುವುದಿಲ್ಲ ಎಂದೆ.
ಗಂಜಿಯ ಬಟ್ಟಲು ಕೆಳಗಿಟ್ಟಳು.
"ಅಷ್ಟು ಮರ್ಯಾದೆ ಹುಳಕ್ಕುಂಟಾ?"

ಆಮೇಲೆ ಕನ್ನಡಿಯ ಹತ್ತಿರ ಹೋಗಿ
ತನ್ನದೊಂದನ್ನು ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟಳು.
ಚಿಕ್ಕವರಿದ್ದಾಗ ಹೀಗೆ ಬಿದ್ದ ಎವೆಯನ್ನು
ಏನಾದರೂ ಬೇಡಿಕೊಂಡು ಊದುತ್ತಿದ್ದೆವು.
ಊದಬೇಡ, ಎಂದಳು. ಕೆಲಸಕ್ಕೆ ಹಾಕು.

ಇಂದು ಇಪ್ಪತ್ತಾರನೆಯ ದಿನ.
ಎಡಗಡೆಯ ತಟ್ಟೆ ಮುಗಿದಿದೆ, ಬಲಗಡೆಯಲ್ಲಿ ಹನ್ನೊಂದನೆಯದು
ಅರ್ಧವೃತ್ತವಾಗಿ ಬಿದ್ದುಕೊಂಡಿದೆ.
ಅವಳ ಎವೆಯಿಂದ ಮುಟ್ಟಿದೆ.
ಅಲುಗಲಿಲ್ಲ.
ಇನ್ನೊಮ್ಮೆ, ಬಾಲದ ಬಳಿ.
ಇಲ್ಲ.
ಪೆನ್ನು ಕೈಯಲ್ಲೇ ಇದೆ. ಲೆನ್ಸಿನ ಮೇಲೆ ಉಸಿರು ಮಂಜಾಗಿದೆ,
ಒರೆಸುತ್ತಿದ್ದೇನೆ.
ಇನ್ನೂ ಒಂದು ಸಲ ಬಾಕಿ ಉಂಟು.